ಮೊದಲು ಅವರ ಮನೆ ನೀರು ಕುಡಿಯಿರಿ: ಲೆಂಟ್ ದಿನಗಳಲ್ಲಿ ಬಿಟ್ಟ ಮಾತು ಮತ್ತೆ ಹಿಡಿಯುವ ಬಗೆ

ಈಸ್ಟರ್‌ಗೆ ಮೊದಲಿನ ನಲವತ್ತು ದಿನದ ಉಪವಾಸ ಕಾಲ, ಅಂದರೆ ಲೆಂಟ್, ಶುರುವಾಯಿತು ಅಂದರೆ ನಮ್ಮ ಚರ್ಚಿನ ಅಂಗಳದಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: "ಈ ಸಲ ಏನ್ ಬಿಟ್ರಿ?" ಒಬ್ಬರು ಮಟನ್ ಬಿಟ್ಟಿರುತ್ತಾರೆ, ಇನ್ನೊಬ್ಬರು ಚಹಾ. ಹುಡುಗರು ರೀಲ್ಸ್ ನೋಡೋದು ಬಿಟ್ಟಿದ್ದೇವೆ ಅನ್ನುತ್ತಾರೆ, ಅದೂ ಫೋನ್ ಕೈಯಲ್ಲಿ ಹಿಡಿದುಕೊಂಡೇ. ನಮ್ಮ ಮನೆಯಲ್ಲಿ ಈ ಪ್ರಶ್ನೆಗೆ ಖರೇ ಉತ್ತರ ಬೇರೆ ಇತ್ತು. ನಮ್ಮಪ್ಪ ನಮ್ಮ ಕಾಕಾನ ಜೊತೆ ಮಾತು ಬಿಟ್ಟು 11 ವರ್ಷ ಆಗಿತ್ತು.

ಕಾರಣ ಬಾಗಲಕೋಟೆ ಕಡೆಯವರಿಗೆ ಎರಡೇ ಶಬ್ದದಲ್ಲಿ ಹೇಳಬಹುದು: ಪರಿಹಾರದ ದುಡ್ಡು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹೊಲ ಹೋಯಿತು, ನವನಗರದಲ್ಲಿ ಪ್ಲಾಟ್ ಬಂತು, ದುಡ್ಡು ಬಂತು, ಅಣ್ಣತಮ್ಮಂದಿರ ಹಂಚಿಕೆಯಲ್ಲಿ ಲೆಕ್ಕ ಕೆಟ್ಟಿತು. ಹೊಲ ಒಂದೇ ಸಲ ಮುಳುಗಿತು, ಜಗಳ ಮಾತ್ರ ಪ್ರತಿ ವರ್ಷ ಮೇಲೆ ತೇಲುತ್ತಿತ್ತು.

ಚರ್ಚಿನಲ್ಲಿ ಇಬ್ಬರೂ ಕೂರುವ ಜಾಗ ಊರಿಗೇ ಗೊತ್ತಿತ್ತು. ನಮ್ಮದು ಸಿಎಸ್ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ. 1947ರಲ್ಲಿ ಈ ಸಭೆ ಹುಟ್ಟಿತು. 1950ರಲ್ಲಿ ಬಳಕೆಗೆ ಬಂದ ಆರಾಧನಾ ಕ್ರಮದಲ್ಲಿ ಕರ್ತನ ಭೋಜನಕ್ಕೆ (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿಗೆ) ಮೊದಲು ಒಬ್ಬರ ಕೈ ಒಬ್ಬರು ಹಿಡಿದು ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವ ಪದ್ಧತಿ ಸೇರಿಸಿದರು. ಮುಂದಿನಿಂದ ಶುರುವಾಗಿ ಬೆಂಚಿನಿಂದ ಬೆಂಚಿಗೆ ಅದು ಹಿಂದೆ ಬರುತ್ತದೆ. ಅಪ್ಪ ಎಡಗಡೆ ಮೂರನೇ ಬೆಂಚು, ಕಾಕಾ ಬಲಗಡೆ ಕೊನೆಯ ಬೆಂಚು. ಸಮಾಧಾನ ಇಬ್ಬರ ಕೈಗೂ ಬರುತ್ತಿತ್ತು, ಆದರೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗದ ಹಾಗೆ ಇಬ್ಬರೂ ಜಾಗ ಹಿಡಿದಿದ್ದರು.

ಆ ಗಂಟು ಸಡಿಲ ಮಾಡಲು ಹೋಗಿ ನಾನು ಮಾಡಿದ ತಪ್ಪುಗಳು, ಆಮೇಲೆ ಕೈ ಹಿಡಿದ ಒಂದೆರಡು ದಾರಿ, ಅಷ್ಟೇ ಇಲ್ಲಿ ಬರೆಯುತ್ತಿರುವುದು. ನೀವು ಕ್ಯಾಥೊಲಿಕರಾಗಿದ್ದರೆ ಇದನ್ನು ತಪಸ್ಸು ಕಾಲ ಅನ್ನುತ್ತೀರಿ, ನಾವು ಲೆಂಟ್ ಅನ್ನುತ್ತೇವೆ. ಕೆಲಸ ಒಂದೇ.

ಈ ನಲವತ್ತು ದಿನ ಯಾತಕ್ಕೆ ಇದ್ದವು?

ಉಪವಾಸಕ್ಕೆ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಕ್ರಿ.ಶ. 325ರಲ್ಲಿ ನೈಸಿಯಾದಲ್ಲಿ ನಡೆದ ಮಹಾಸಭೆಯ ಐದನೇ ನಿಯಮ ಓದಿದರೆ ಆಶ್ಚರ್ಯ ಆಗುತ್ತದೆ. ಸಭೆಯಿಂದ ಹೊರಗೆ ಹಾಕಲ್ಪಟ್ಟವರ ತಕರಾರುಗಳನ್ನು ವರ್ಷಕ್ಕೆ ಎರಡು ಸಲ ಕೂತು ವಿಚಾರಿಸಬೇಕು, ಬಿಷಪ್ಪರ ಸಿಟ್ಟಿಗೋ ಹಟಕ್ಕೋ ಯಾರಾದರೂ ಹೊರಗೆ ಬಿದ್ದಿದ್ದಾರಾ ನೋಡಬೇಕು, ಅದರಲ್ಲಿ ಒಂದು ಕೂಟ ಈ ನಲವತ್ತು ದಿನಕ್ಕೆ ಮೊದಲೇ ಆಗಬೇಕು, ಮನಸ್ಸಿನ ಕಹಿ ತೆಗೆದ ಮೇಲೆ ದೇವರಿಗೆ ಕಾಣಿಕೆ ಕೊಡಬೇಕು ಅಂತ ಅದರಲ್ಲಿದೆ. ಲೆಂಟ್ ಬಗ್ಗೆ ಸಿಗುವ ತುಂಬಾ ಹಳೆಯ ಮಾತುಗಳಲ್ಲಿ ಇದೂ ಒಂದು. ನೋಡಿ, ಮಟನ್ ಸುದ್ದಿನೇ ಇಲ್ಲ.

ಮುಂದೆ ಹಳೆಯ ಸಭೆಗಳಲ್ಲಿ ಈ ದಿನಗಳು ಎರಡು ತರಹದ ಜನರಿಗೆ ಮೀಸಲಾದವು. ತಪ್ಪು ಮಾಡಿ ಹೊರಗೆ ನಿಂತವರನ್ನು ಈಸ್ಟರ್‌ಗೆ ಮೂರು ದಿನ ಮುಂಚೆ, ಗುರುವಾರ, ಮತ್ತೆ ಒಳಗೆ ಕರೆದುಕೊಳ್ಳುತ್ತಿದ್ದರು. ಹೊಸದಾಗಿ ಸೇರುವವರನ್ನು ತಯಾರು ಮಾಡಿ ಈಸ್ಟರ್ ರಾತ್ರಿ ದೀಕ್ಷಾಸ್ನಾನ ಕೊಡುತ್ತಿದ್ದರು. ಅಂದರೆ ಒಬ್ಬರು ಮುನಿಸಿಕೊಂಡು ಹೋದ ನಮ್ಮವರು, ಇನ್ನೊಬ್ಬರು ಇನ್ನೂ ನಮ್ಮವರಾಗದ ಹೊರಗಿನವರು. ಎರಡೂ ಒಂದೇ ಬಾಗಿಲು. ಪೂರ್ವದ ಆರ್ಥೊಡಾಕ್ಸ್ ಸಭೆಗಳಲ್ಲಿ ಇವತ್ತಿಗೂ ಲೆಂಟಿನ ಹಿಂದಿನ ಭಾನುವಾರ ಒಬ್ಬೊಬ್ಬರ ಮುಂದೆ ನಿಂತು ಕ್ಷಮೆ ಕೇಳುತ್ತಾರೆ. ಕೇರಳದ ಸುರಿಯಾನಿ ಸಭೆಗಳಲ್ಲಿ ಮೊದಲ ಸೋಮವಾರ ಇದೇ ಕೆಲಸಕ್ಕೆ ಶುಬ್ಕೋನೊ ಅನ್ನುವ ಪ್ರಾರ್ಥನೆಯೇ ಇದೆ. ನಮಗೆ ಅಂಥ ಪದ್ಧತಿ ಇಲ್ಲ, ನಾವೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಹೊರಡಬೇಕು.

ಹೆಸರು ಬರೆಯಿರಿ, ಆದರೆ ಎಲ್ಲರದ್ದೂ ಅಲ್ಲ

2027ರಲ್ಲಿ ಬೂದಿ ಬುಧವಾರ ಫೆಬ್ರವರಿ 10ಕ್ಕೆ, ಈಸ್ಟರ್ ಮಾರ್ಚ್ 28ಕ್ಕೆ. ಭಾನುವಾರಗಳನ್ನು ಬಿಟ್ಟು ಎಣಿಸಿದರೆ ನಲವತ್ತು ದಿನ. ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದ ರಾತ್ರಿ ಒಂದು ಹಾಳೆ ತೆಗೆದುಕೊಳ್ಳಿ. ನೀವು ಯಾರ ಮನೆಗೆ ಹೊಕ್ಕು ಬಳಕೆ ಬಿಟ್ಟಿದ್ದೀರೋ ಅವರ ಹೆಸರು ಬರೆಯಿರಿ. ಮದುವೆಯಲ್ಲಿ ಆಯೇರ ಸರಿಯಾಗಿ ಮಾಡಲಿಲ್ಲ ಅಂತ ಮುನಿಸಿಕೊಂಡವರು, ಜಾಮೀನಿಗೆ ಸಹಿ ಹಾಕಿ ಸಿಕ್ಕಿಬಿದ್ದವರು, ಚರ್ಚ್ ಕಮಿಟಿ ಎಲೆಕ್ಷನ್ನಿನಲ್ಲಿ ಎದುರು ನಿಂತವರು (ಅಯ್ಯೋ, ಇದು ಹೊಲದ ಬದುವಿನ ಜಗಳಕ್ಕಿಂತ ಜಾಸ್ತಿ ವರ್ಷ ನಡೆಯುತ್ತದೆ), ಬೇರೆ ಜಾತಿಯಲ್ಲಿ ಮದುವೆಯಾದ ಮಗಳು.

ಅದರಲ್ಲಿ ಒಂದೇ ಹೆಸರಿಗೆ ಗೆರೆ ಎಳೆಯಿರಿ. ನಲವತ್ತು ದಿನಕ್ಕೆ ಒಬ್ಬರು ಸಾಕು. ನಾನು ಮೊದಲ ವರ್ಷ ನಾಲ್ಕು ಹೆಸರು ಹಿಡಿದು ಹೊರಟೆ, ಒಂದೂ ದಡ ಹತ್ತಲಿಲ್ಲ.

ಇನ್ನೊಂದು ಮಾತು, ಇದನ್ನು ಹಾರಿಸಿ ಓದಬೇಡಿ. ಹೊಡೆಯುವ ಗಂಡ, ಮೈಮೇಲೆ ಕೈ ಹಾಕಿದ ಸಂಬಂಧಿಕ, ಜೀವ ತೆಗೆಯುತ್ತೇನೆ ಅಂದವನು, ಇಂಥವರ ಹೆಸರು ಈ ಹಾಳೆಗೆ ಬರಬಾರದು. "ಲೆಂಟ್ ಐತಿ, ಕ್ಷಮಿಸಿ ಮನಿಗೆ ಹೋಗವಾ" ಅಂತ ಹೆಣ್ಣುಮಗಳನ್ನು ವಾಪಸ್ ಕಳಿಸುವ ಹಿರಿಯರನ್ನು ನಾನು ನೋಡಿದ್ದೇನೆ. ಅದು ರಾಜಿ ಅಲ್ಲ. ಅಲ್ಲಿ ಮಹಿಳಾ ಸಹಾಯವಾಣಿ 181ಕ್ಕೆ ಅಥವಾ ತುರ್ತು ಸಹಾಯದ 112ಕ್ಕೆ ಫೋನ್ ಮಾಡೋದೇ ಸರಿಯಾದ ಕೆಲಸ.

ಕರೆಯಬೇಡಿ, ಹೋಗಿ

ನಾನು ಮಾಡಿದ ದೊಡ್ಡ ತಪ್ಪು ಇಲ್ಲಿ. ಈಸ್ಟರ್ ಊಟಕ್ಕೆ ಅಪ್ಪನಿಗೆ ಹೇಳದೆ ಕಾಕಾನನ್ನು, ಕಾಕಾನಿಗೆ ಹೇಳದೆ ಅಪ್ಪನನ್ನು ನಮ್ಮ ಮನೆಗೆ ಕರೆದೆ. ಎದುರುಬದುರು ಕೂತರೆ ಕರಗುತ್ತಾರೆ ಅಂದುಕೊಂಡೆ, ಸಿನಿಮಾದಲ್ಲಿ ಹಾಗೇ ಆಗುತ್ತದಲ್ವಾ. ಕಾಕಾ ತಾಟಿನಲ್ಲಿ ರೊಟ್ಟಿ ಮುರಿದಿದ್ದರು. ಅಪ್ಪ ಒಳಗೆ ಬಂದಿದ್ದು ನೋಡಿ ಆ ತುತ್ತು ಹಾಗೇ ಬಿಟ್ಟು ಕೈ ತೊಳೆದರು. ಊಟ ಬಿಟ್ಟು ಎದ್ದವರನ್ನು ಮತ್ತೆ ಕೂರಿಸೋದು ನಮ್ಮ ಕಡೆ ಎಷ್ಟು ಕಷ್ಟ ಅಂತ ಬೇರೆ ಹೇಳಬೇಕಾಗಿಲ್ಲ. ಅದಕ್ಕೇ ಎರಡು ವರ್ಷ ಹೋಯಿತು.

ಮನೆಗೆ ಕರೆದವರು ಯಾವಾಗಲೂ ಮೇಲೆ ಇರುತ್ತಾರೆ. ಮನೆ ಅವರದ್ದು, ತಾಟು ಅವರದ್ದು, ಬಡಿಸುವ ಕೈ ಅವರದ್ದು. ಮುನಿಸಿಕೊಂಡವನಿಗೆ ಮೊದಲೇ ಕುತ್ತಿಗೆ ಬಿಗಿದಿರುತ್ತದೆ, ಅದರ ಮೇಲೆ ನಿಮ್ಮ ಋಣ ಬೇರೆ. ಯೋಹಾನನ ಸುವಾರ್ತೆಯ ನಾಲ್ಕನೇ ಅಧ್ಯಾಯ ನೆನಪಿಸಿಕೊಳ್ಳಿ. ಮಟಮಟ ಮಧ್ಯಾಹ್ನ, ಯಾಕೋಬನ ಬಾವಿ, ಸಮಾರ್ಯದ ಹೆಣ್ಣುಮಗಳು. ಯೆಹೂದ್ಯರು ಸಮಾರ್ಯದವರ ಜೊತೆ ಹೊಕ್ಕು ಬಳಕೆ ಇಟ್ಟುಕೊಳ್ಳದ ಕಾಲ. ಯೇಸು ಅವಳಿಗೆ ಏನನ್ನೂ ಕೊಡುವ ಮೊದಲು ಅವಳ ಹತ್ತಿರ ಕುಡಿಯೋಕೆ ನೀರು ಕೇಳಿದ. ಜಕ್ಕಾಯನ ಕಥೆಯಲ್ಲೂ ಅಷ್ಟೇ, ಊರೆಲ್ಲ ಬೈಯುವ ಆ ಸುಂಕದವನನ್ನು ಊಟಕ್ಕೆ ಕರೆಯಲಿಲ್ಲ, ನಾನೇ ನಿನ್ನ ಮನೆಗೆ ಬರುತ್ತೇನೆ ಅಂದ. ಯಾರ ಕೈ ನೀರು ಯಾರು ಕುಡಿಯುತ್ತಾರೆ ಅನ್ನೋದು ನಮ್ಮ ಊರುಗಳಲ್ಲಿ ಸಣ್ಣ ವಿಷಯ ಅಲ್ಲ. ಜಗಳ ಮಾಡಿದಾಗ ನಾವು ಹೇಳುವುದೂ ಅದನ್ನೇ: "ಅವ್ರ ಮನಿ ನೀರ್ ಸೈತ ಮುಟ್ಟಂಗಿಲ್ಲ." ಹಾಗಾದರೆ ಅಲ್ಲಿಂದಲೇ ಶುರು ಮಾಡೋಣ.

ಹೀಗೆ ಮಾಡಿ. ಮತ್ತಾಯ 18ರಲ್ಲಿ ಹೇಳಿದ ಹಾಗೆ ಒಬ್ಬರೇ ಹೋಗಿ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹೋಗಬೇಡಿ, ಪಾಸ್ಟರ್‌ನ್ನಂತೂ ಮೊದಲ ದಿನವೇ ಎಳೆದುಕೊಂಡು ಹೋಗಬೇಡಿ. ಸಂಜೆ ನಾಲ್ಕೂವರೆ ಐದರ ಹೊತ್ತಿಗೆ ಹೋಗಿ, ಊಟದ ಹೊತ್ತಲ್ಲ, ಮಲಗುವ ಹೊತ್ತೂ ಅಲ್ಲ. ಹಣ್ಣು, ಕರದಂಟು, ಕೇಕು ಏನೂ ಒಯ್ಯಬೇಡಿ, ಕೈಚೀಲ ನೋಡಿದ ಕೂಡಲೇ ಅವರಿಗೆ ಲೆಕ್ಕ ಶುರುವಾಗುತ್ತದೆ. ಬಾಗಿಲಲ್ಲಿ ನಿಂತು ನೀರು ಕೇಳಿ. ಅಷ್ಟೇ.

ನಾನು ಹೋದಾಗ ಮಾರ್ಚ್ ಬಿಸಿಲು. ಬಾಗಿಲು ತೆಗೆದಿದ್ದು ಕಾಕು. "ಒಂದ್ ಚರಗಿ ನೀರ್ ಕೊಡ್ರಿ ಕಾಕು" ಅಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, "ಬಿಸಲಾಗ ಯಾಕ್ ನಿಂತಿಯೋ ತಮ್ಮಾ, ಒಳಗ್ ಬಾ" ಅಂದರು. ನೀರಿನ ಜೊತೆ ಒಂದು ತುಣುಕು ಬೆಲ್ಲವೂ ಬಂತು. ಕಾಕಾ ಟಿವಿ ನೋಡುತ್ತಾ ಕೂತಿದ್ದರು, ತಲೆ ತಿರುಗಿಸಲಿಲ್ಲ. ನಾನು ಬೆಲ್ಲ ತಿಂದೆ, ನೀರು ಕುಡಿದೆ, "ಬರ್ತೇನ್ರಿ ಕಾಕಾ" ಅಂದು ಎದ್ದು ಬಂದೆ. ಜಗಳದ ಸುದ್ದಿ ಎತ್ತಲೇ ಇಲ್ಲ. ಮುಂದಿನ ವಾರ ಮತ್ತೆ ಅದೇ. ಮೂರನೇ ಸಲ ಹೋದಾಗ ಕಾಕಾ ಟಿವಿ ಕಡೆನೇ ನೋಡುತ್ತಾ ಕೇಳಿದರು, "ನಿಮ್ಮಪ್ಪನ ಮಣಕಾಲ್ ಹೆಂಗದಾವು?"

ಅವತ್ತು ಅಷ್ಟೇ. ಮನೆಗೆ ಬಂದು ಅಪ್ಪನಿಗೆ ಅದೇ ಮಾತು ಹಾಗೇ ಹೇಳಿದೆ, ಏನೂ ಸೇರಿಸಲಿಲ್ಲ. ಮಧ್ಯದಲ್ಲಿ ನಿಂತವರಿಗೆ ಇದು ತುಂಬಾ ಮುಖ್ಯ. "ಕಾಕಾ ನಿಮ್ಮನ್ನ ನೆನೆಸಿ ಅತ್ರು" ಅಂತೆಲ್ಲ ಸುಳ್ಳು ಮಸಾಲೆ ಹಾಕಬೇಡಿ, ನಾಳೆ ಗೊತ್ತಾದರೆ ಇಬ್ಬರೂ ನಿಮ್ಮನ್ನು ನಂಬುವುದಿಲ್ಲ.

ತಪ್ಪು ನಿಮ್ಮದೇ ಆಗಿದ್ದರೆ ನೀರು ಕುಡಿದು ಬಂದರೆ ಸಾಲದು, ಬಾಯಿ ಬಿಡಬೇಕು. "ನಿಮಗ ಬ್ಯಾಸರಾಗಿದ್ರ ಸಾರಿ" ಅನ್ನೋದು ಕ್ಷಮೆ ಅಲ್ಲ. ವಾಟ್ಸಾಪ್‌ನಲ್ಲಿ ಕೈ ಮುಗಿದ ಚಿತ್ರ ಕಳಿಸೋದು ಕ್ಷಮೆ ಅಲ್ಲ, ಅದನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿದರಂತೂ ಹೊಸ ಜಗಳ. ಏನು ಮಾಡಿದಿರೋ ಅದನ್ನೇ ಹೇಳಿ: "ಕಾಕಾ, ಅವತ್ತ ಎಲ್ಲಾರ ಮುಂದ ನಿಮ್ಮನ್ನ ಕಳ್ಳ ಅಂದೆ. ನಂದ್ ತಪ್ಪಾತು." ಅಲ್ಲಿಗೆ ನಿಲ್ಲಿಸಿ. "ಆದ್ರ ನೀವೂ" ಅಂತ ಮುಂದುವರಿಸಿದರೆ ಹೇಳಿದ್ದೆಲ್ಲ ನೀರಿನಲ್ಲಿ ಹೋಮ.

ದುಡ್ಡು ಕೊಡೋದಿದ್ದರೆ ಕ್ಷಮೆಗಿಂತ ಮೊದಲು ದುಡ್ಡು ಕೊಡಿ. ಜಕ್ಕಾಯ ಮೋಸದಿಂದ ತೆಗೆದುಕೊಂಡಿದ್ದಕ್ಕೆ ನಾಲ್ಕು ಪಟ್ಟು ಹಿಂದಿರುಗಿಸುತ್ತೇನೆ ಅಂದ. ನೀವು ಅಸಲು ಕೊಟ್ಟರೂ ಜನ ಖುಷಿಯಾಗುತ್ತಾರೆ. ಕೋರ್ಟಿನಲ್ಲಿ ಆಸ್ತಿ ಕೇಸ್ ನಡೆಯುತ್ತಿದ್ದರೆ ವಕೀಲರಿಗೆ ಒಂದು ಮಾತು ಹೇಳಿ ಲೋಕ ಅದಾಲತ್‌ಗೆ ಒಯ್ಯಿರಿ. ಅಲ್ಲಿ ಆದ ರಾಜಿಗೆ ಕೋರ್ಟ್ ಡಿಕ್ರಿಯಷ್ಟೇ ಬೆಲೆ, ಅದರ ಮೇಲೆ ಅಪೀಲು ಇಲ್ಲ, ಕಟ್ಟಿದ ಕೋರ್ಟ್ ಶುಲ್ಕವೂ ವಾಪಸ್ ಬರುತ್ತದೆ. ಕಟ್ಟೆಯ ಮೇಲೆ ಕೂತು ಬಾಯಿಮಾತಿನಲ್ಲಿ ಮಾಡಿಕೊಂಡ ಹಂಚಿಕೆ ಮಕ್ಕಳ ಕಾಲಕ್ಕೆ ಮತ್ತೆ ಎದ್ದು ಕೂರುತ್ತದೆ.

ರಾಜಿ ಅಂದರೆ ಮತ್ತೆ ಒಂದೇ ಒಲೆ ಅಂತಲೂ ಅಲ್ಲ. ಬೈಬಲ್ಲಿನಲ್ಲಿ ಮುನಿಸಿಕೊಂಡ ಅಣ್ಣತಮ್ಮಂದಿರಾದ ಏಸಾವ, ಯಾಕೋಬರ ಕಥೆ ಪೂರ್ತಿ ಓದಿ. ಅಣ್ಣ ಓಡಿ ಬಂದು ತಬ್ಬಿಕೊಂಡ, ಇಬ್ಬರೂ ಅತ್ತರು, ಆಮೇಲೆ ಏಸಾವ ಸೇಯೀರಿಗೆ ಹೋದ, ಯಾಕೋಬ ಸುಕ್ಕೋತಿಗೆ. ಬೇರೆ ಬೇರೆ ಊರು, ಆದರೆ ಮುಂದೆ ಅಪ್ಪ ಇಸಾಕ ತೀರಿದಾಗ ಇಬ್ಬರೂ ಸೇರಿ ಮಣ್ಣು ಮಾಡಿದರು. ನನಗೆ ಆ ಭಾಗವೇ ಜಾಸ್ತಿ ಇಷ್ಟ.

ಇನ್ನು ಹೊರಗಿನವರು

ಚರ್ಚಿಗೆ ಹೊಸಬರು ಬಂದರೆ ನಾವು ಮಾಡುವ ಮೊದಲ ಕೆಲಸ ಅವರ ಅಡ್ಡಹೆಸರು ಕೇಳುವುದು. ಸುಮ್ನೆ ಪರಿಚಯಕ್ಕೆ ಅಂತ ಹೇಳಿಕೊಳ್ಳುತ್ತೇವೆ. ನಮ್ಮ ಕಡೆ ಅಡ್ಡಹೆಸರು ಕೇಳೋದು ಜಾತಿ ತಿಳಿಯೋಕೆ ಅಂತ ಕೇಳುವವನಿಗೂ ಗೊತ್ತು, ಹೇಳುವವನಿಗೂ ಗೊತ್ತು. ಕ್ರೈಸ್ತರಾಗಿ ಐದಾರು ತಲೆಮಾರು ಆದರೂ (ಬಾಸೆಲ್ ಮಿಷನ್ನಿನವರು ಗುಳೇದಗುಡ್ಡಕ್ಕೆ ಬಂದಿದ್ದು 1851ರಲ್ಲಿ) ಆ ಪ್ರಶ್ನೆ ಮಾತ್ರ ನಾಲಿಗೆ ಬಿಟ್ಟಿಲ್ಲ. ಈ ಲೆಂಟಿಗೆ ಏನಾದರೂ ಬಿಡಲೇಬೇಕು ಅಂದರೆ ಇದನ್ನು ಬಿಡಿ. ನಮ್ಮದೇ ಜಿಲ್ಲೆಯ ಕೂಡಲಸಂಗಮದಲ್ಲಿ ದಾಸೋಹಕ್ಕೆ ಕೂತವರ ಅಡ್ಡಹೆಸರನ್ನು ಯಾರೂ ಕೇಳುವುದಿಲ್ಲ, ಅಲ್ವಾ? ಅದರ ಬದಲು, "ಎಷ್ಟ್ ದೂರದಿಂದ ಬಂದ್ರಿ, ಬಸ್ ಸಿಕ್ತೇನ್ರಿ?" ಅಂತ ಕೇಳಿ. ಆರಾಧನೆ ಮುಗಿದ ಮೇಲೆ ಚಹಾ ಕೊಡುವಾಗ ಅವರ ಪಕ್ಕ ನಿಂತು ಕುಡಿಯಿರಿ.

ಬೆಳಗಾವಿಯವರಿಗೆ ಇನ್ನೊಂದು ಕಷ್ಟ ಇದೆ, ಭಾಷೆ. ಒಂದೇ ಚರ್ಚಿನ ಜನ ಕೊಂಕಣಿ, ಮರಾಠಿ, ಕನ್ನಡ, ಇಂಗ್ಲಿಷ್ ಅಂತ ಬೇರೆ ಬೇರೆ ಹೊತ್ತಿಗೆ ಬಂದು ಹೋಗುತ್ತಾರೆ, ವರ್ಷಗಟ್ಟಲೆ ಒಬ್ಬರ ಮುಖ ಒಬ್ಬರು ನೋಡಿರುವುದಿಲ್ಲ. ಲೆಂಟಿನ ಒಂದು ಶುಕ್ರವಾರ ಶಿಲುಬೆ ಹಾದಿಯನ್ನಾದರೂ (ಯೇಸು ಶಿಲುಬೆ ಹೊತ್ತು ನಡೆದದ್ದನ್ನು ನೆನೆಯುವ ಪ್ರಾರ್ಥನೆ) ಜೊತೆಗೆ ಮಾಡಿ. ಹದಿನಾಲ್ಕು ನಿಲುಗಡೆ ಇವೆ, ನಾಲ್ಕು ಭಾಷೆಗೆ ಹಂಚಿಕೊಂಡರೂ ಉಳಿಯುತ್ತವೆ.

ಈಗ ಚರ್ಚಿಗೆ ಬರದವರ ವಿಷಯ. ಮುಧೋಳ, ಜಮಖಂಡಿ, ಅಥಣಿ ಕಡೆ ಲೆಂಟ್ ಬರುವ ಹೊತ್ತಿಗೆ ಕಬ್ಬಿನ ಹಂಗಾಮು ಕೊನೆಗೆ ಬಂದಿರುತ್ತದೆ. ಮಹಾರಾಷ್ಟ್ರದ ಬೀಡ್ ಕಡೆಯಿಂದ, ನಮ್ಮದೇ ವಿಜಯಪುರದ ತಾಂಡಾಗಳಿಂದ ಬಂದ ಗ್ಯಾಂಗುಗಳು ಹೊಲದ ದಂಡೆಗೆ ಗುಡಿಸಲು ಹಾಕಿಕೊಂಡು ಇರುತ್ತವೆ. ಗಂಡ ಹೆಂಡತಿ ಇಬ್ಬರನ್ನೂ ಸೇರಿಸಿ ಒಂದು ಕೋಯ್ತಾ ಅಂತ ಎಣಿಸುತ್ತಾರೆ, ಅಂದರೆ ಕೈಯಲ್ಲಿರುವ ಕತ್ತಿಯ ಹೆಸರೇ ಇಬ್ಬರಿಗೂ ಸೇರಿ ಹೆಸರು. ಗ್ಯಾಂಗು ಕರೆತರುವ ಮೇಸ್ತ್ರಿ, ಅಂದರೆ ಮುಕಾದಮನ ಹತ್ತಿರ ತೆಗೆದುಕೊಂಡ ಮುಂಗಡ ತೀರುವ ತನಕ ಅವರಿಗೆ ಭಾನುವಾರವೂ ಇಲ್ಲ, ಈಸ್ಟರೂ ಇಲ್ಲ. ಅಂಥವರಿಗೆ "ಭಾನುವಾರ ಒಂಬತ್ತಕ್ಕೆ ಚರ್ಚಿಗೆ ಬರ್ರಿ" ಅಂತ ಹೇಳಿ ಬರೋದು ಸ್ವಾಗತ ಅಲ್ಲ, ನಗೆಪಾಟಲು.

ಅವರು ನಸುಕಿನಲ್ಲೇ ಎದ್ದು ಕಡಿಯಲು ಹೋಗುತ್ತಾರೆ, ಆದ್ದರಿಂದ ಸಂಜೆ ಬೇಗ ಹೋಗಿ. ಇಬ್ಬರು ಮೂವರು ಸಾಕು, ಅದರಲ್ಲಿ ಒಬ್ಬರು ಹೆಣ್ಣುಮಕ್ಕಳು ಇರಲಿ, ಒಬ್ಬರಿಗೆ ಮರಾಠಿ ಅಥವಾ ಲಂಬಾಣಿ ಬರಲಿ. ಮೊದಲು ಮುಕಾದಮನಿಗೂ ಹೊಲದ ಮಾಲೀಕರಿಗೂ ಒಂದು ಮಾತು ಹೇಳಿ. ಕ್ಯಾಮೆರಾ ಜೇಬಿನಲ್ಲೇ ಇರಲಿ, ಬಡವರಿಗೆ ಬ್ಲ್ಯಾಂಕೆಟ್ ಕೊಡುವ ಫೋಟೊ ಈ ದೇಶದಲ್ಲಿ ಸಾಕಷ್ಟು ಇವೆ. ಮೊದಲ ದಿನ ಏನೂ ಕೊಡಬೇಡಿ, ಕೇಳಿ. ಅಲ್ಲೂ ನೀರು ಕೇಳಿ, ಚಹಾ ಕೊಟ್ಟರೆ ಅವರದ್ದೇ ಲೋಟದಲ್ಲಿ ಕುಡಿಯಿರಿ, ಹಾಲಿಲ್ಲದ ಚಹಾ ಇರುತ್ತದೆ, ಮುಖ ಕಿವುಚಬೇಡಿ. ಆಗ ಅವರಿಗೆ ನಿಜವಾಗಿ ಏನು ಬೇಕು ಅಂತ ತಿಳಿಯುತ್ತದೆ. ನಾವು ಹಳೆಯ ಬಟ್ಟೆ ಗಂಟು ಕಟ್ಟಿಕೊಂಡು ಹೋಗಿದ್ದೆವು. ಅವರಿಗೆ ಬೇಕಾಗಿದ್ದು ಕೈ ಕೊಯ್ದರೆ ಹಚ್ಚಲು ಮುಲಾಮು ಮತ್ತು ಪಟ್ಟಿ, ಕುಡಿಯುವ ನೀರಿಗೆ ಮುಚ್ಚಳ ಇರುವ ಒಂದು ಡ್ರಮ್ಮು, ಮತ್ತೆ ತಾಯಂದಿರು ಹೊಲಕ್ಕೆ ಹೋದಾಗ ಸಣ್ಣ ಮಕ್ಕಳನ್ನು ನೋಡಿಕೊಳ್ಳುವವರು. ಮೂರನೆಯದೇ ಎಲ್ಲಕ್ಕಿಂತ ಕಷ್ಟ. ನಮ್ಮ ಸ್ತ್ರೀಸಂಘದವರು ಸರದಿ ಹಚ್ಚಿಕೊಂಡು ವಾರಕ್ಕೆ ಮೂರು ದಿನ ಮಾತ್ರ ಮಾಡಿದರು.

2027ರಲ್ಲಿ ಬೂದಿ ಬುಧವಾರದ ವಾರದಲ್ಲೇ ರಂಜಾನ್ ಉಪವಾಸವೂ ಶುರುವಾಗುತ್ತದೆ. ವಿಜಯಪುರದಂಥ ಊರಲ್ಲಿ ಇದಕ್ಕಿಂತ ಸುಲಭದ ಅವಕಾಶ ಸಿಗುವುದಿಲ್ಲ. ನೀವೂ ಉಪವಾಸ, ಪಕ್ಕದ ಮನೆಯ ಭಾಯಿಯೂ ಉಪವಾಸ. ಚರ್ಚ್ ಹಾಲಿನಲ್ಲಿ ದೊಡ್ಡ ಇಫ್ತಾರ್ ಕೂಟ ಮಾಡಿ ಬ್ಯಾನರ್ ಹಾಕೋದಕ್ಕಿಂತ, ಅವರು ಕರೆದಾಗ ಹೋಗಿ ಅವರ ಚಾಪೆಯ ಮೇಲೆ ಕೂತು ಖರ್ಜೂರ ತಿನ್ನಿ. ಶುಕ್ರವಾರ ಮಾಂಸ ತಿನ್ನುವುದಿಲ್ಲ ಅಂತಿದ್ದರೆ ನೇರವಾಗಿ ಹೇಳಿ. ಉಪವಾಸ ಮಾಡುವವರಿಗೆ ಉಪವಾಸದ ಮಾತು ಬೇಗ ಅರ್ಥ ಆಗುತ್ತದೆ.

ಚರ್ಚಿಗೆ ರಸ್ತೆ ಕಡೆ ಗೋಡೆ ಇದ್ದರೆ ಮಾರ್ಚ್‌ನಲ್ಲಿ ಅರವಟ್ಟಿಗೆ ಇಡಿ. ಗೋಡೆಯ ಹೊರಗೆ ಇಡಿ, ಒಳಗಲ್ಲ, ಒಳಗಿದ್ದರೆ ಗೇಟು ದಾಟಲು ಜನ ಹಿಂಜರಿಯುತ್ತಾರೆ. ನಲ್ಲಿ ಇರುವ ಮಣ್ಣಿನ ಗಡಿಗೆ ತನ್ನಿ, ದಿನಾ ಬೆಳಿಗ್ಗೆ ತೊಳೆದು ತುಂಬಲು ಒಬ್ಬರ ಹೆಸರು ಗೊತ್ತು ಮಾಡಿ, ಇಲ್ಲಾಂದರೆ ಹತ್ತು ದಿನಕ್ಕೆ ಪಾಚಿ ಕಟ್ಟುತ್ತದೆ. ಬೋರ್ಡು ಬೇಡ, ವಾಕ್ಯ ಬೇಡ, ಕರಪತ್ರ ಬೇಡವೇ ಬೇಡ. ನೀರು ಕೊಟ್ಟಿದ್ದು ನೀರಡಿಕೆಗೆ.

ಈಸ್ಟರ್ ಹಿಂದಿನ ಪವಿತ್ರ ಗುರುವಾರ, ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ, ಕಾಲು ತೊಳೆಯುವ ವಿಧಿ ನಿಮ್ಮಲ್ಲಿದ್ದರೆ ಪ್ರತಿ ವರ್ಷ ಕಮಿಟಿಯ ಹನ್ನೆರಡು ಗಂಡಸರನ್ನೇ ಕೂರಿಸುವುದು ನಿಲ್ಲಿಸಿ. ಪೋಪ್ ಫ್ರಾನ್ಸಿಸ್ 2013ರಲ್ಲಿ ರೋಮಿನ ಬಾಲಾಪರಾಧಿಗಳ ಜೈಲಿಗೇ ಹೋಗಿ ಹುಡುಗಿಯರ, ಮುಸ್ಲಿಮರ ಕಾಲನ್ನೂ ತೊಳೆದರು, 2016ರಲ್ಲಿ ಹೆಂಗಸರನ್ನೂ ಸೇರಿಸುವ ಹಾಗೆ ನಿಯಮವನ್ನೇ ತಿದ್ದಿಸಿದರು. ನಿಮ್ಮ ಚರ್ಚಿನ ಕಸ ಗುಡಿಸುವವರು, ವಾಚ್‌ಮನ್, ಹೊಸದಾಗಿ ಬಂದ ಮನೆಯವರು ಆ ಸಾಲಿನಲ್ಲಿ ಇರಲಿ. ಆದರೆ ಒಂದು ವಾರ ಮುಂಚೆ ಕೇಳಿ ಒಪ್ಪಿಗೆ ತೆಗೆದುಕೊಳ್ಳಿ. ಎಲ್ಲರ ಮುಂದೆ ಕಾಲು ಚಾಚೋದು ಬಹಳ ಜನಕ್ಕೆ ಮುಜುಗರ, ನಮ್ಮ ವಾಚ್‌ಮನ್ ಕಾಕಾ ಮೊದಲ ವರ್ಷ ಬರೋದೇ ಇಲ್ಲ ಅಂದಿದ್ದರು.

ನಮ್ಮಪ್ಪ, ಕಾಕಾ ಎಲ್ಲಿಗೆ ಬಂದರು ಅಂತ ಕೇಳುತ್ತೀರಿ. ದುಡ್ಡಿನ ಲೆಕ್ಕ ಇನ್ನೂ ಮುಗಿದಿಲ್ಲ. ಆ ವರ್ಷ ಈಸ್ಟರ್‌ಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರದ ಹಿಂದಿನ ದಿನ ಅಪ್ಪ ತಾವೇ ಕೋಲು ಹಿಡಿದು ಕಾಕಾನ ಮನೆ ತನಕ ನಡೆದರು, ನಾನು ಬೈಕ್ ತರುತ್ತೇನೆ ಅಂದರೂ ಬೇಡ ಅಂದರು. ಬಾಗಿಲಲ್ಲಿ ನಿಂತು ನೀರು ಕೇಳಲಿಲ್ಲ, ಅಷ್ಟೆಲ್ಲ ಅವರಿಗೆ ಬರುವುದಿಲ್ಲ. ಕಟ್ಟೆಯ ಮೇಲೆ ಕೂತರು. ಕಾಕಾ ಒಳಗಿನಿಂದ ಚರಗಿ ತಂದು ಪಕ್ಕದಲ್ಲಿಟ್ಟು, "ತಣ್ಣಗದಾವು, ಸಾವಕಾಶ ಕುಡಿ" ಅಂದರು. ಚರ್ಚಿನಲ್ಲಿ ಈಗಲೂ ಅಪ್ಪ ಎಡಗಡೆ ಮೂರನೇ ಬೆಂಚಿನಲ್ಲೇ ಕೂರುತ್ತಾರೆ. ಕಾಕಾ ನಾಲ್ಕನೆಯದಕ್ಕೆ ಬಂದಿದ್ದಾರೆ, ಹಿಂದೆ ಫ್ಯಾನಿನ ಗಾಳಿ ಸರಿಯಾಗಿ ಬರುವುದಿಲ್ಲವಂತೆ.